ಬಣ್ಣ ಬಳಿದ ಬಿರುಕು

ಜಾಹೇದಾ ಟೀಚರ್ ಹೆದರುವ ಹೆಂಗಸಾಗಿರಲಿಲ್ಲ. ಕಲಬುರಗಿಯ ಗಾಜಿಪುರದಿಂದ ಕಮಲಾಪುರದ ನಮ್ಮ ಸರ್ಕಾರಿ ಶಾಲೆಗೆ ಹದಿನೆಂಟು ವರ್ಷ ಬಸ್ಸಿನಲ್ಲಿ ಓಡಾಡಿ, ಸೀಟಿಗಾಗಿ ಜಗಳವಾಡಿ, ಕಂಡಕ್ಟರುಗಳನ್ನೆಲ್ಲ ಪಳಗಿಸಿದವರು. ಮುಖ್ಯಗುರುಗಳಾದ ಮೇಲೂ ಎರಡನೇ ತರಗತಿಯನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಅಂಥವರು ಈಗ ಮೋಡ ಕವಿದರೆ ಸಾಕು, ಬೆವರುತ್ತಾರೆ. ಅದಕ್ಕೆ ಅರ್ಧ ಕಾರಣ ಅನುದಾನದ ನಿಯಮ, ಇನ್ನರ್ಧ ಅವರ ಕೈಕೆಳಗೆ ಪಾಠ ಮಾಡುವ ನಾನು.

ಎರಡನೇ ತರಗತಿಯ ಚಾವಣಿಯ ನಡುವೆ ಪೆನ್ಸಿಲು ತೂರುವಷ್ಟು ಬಿರುಕಿತ್ತು. ದುರಸ್ತಿಗೆ ಅರ್ಜಿ ಹಾಕಿ ಎರಡು ವರ್ಷ. ಇಂಜಿನಿಯರ್ ಬಂದು ನೋಡಿದರೆ ಮಾತ್ರ ಹಣ, ಇಂಜಿನಿಯರ್ ಬರಲಿಲ್ಲ. ಮಾರ್ಚಿನಲ್ಲಿ ಬಂದದ್ದು ಬೇರೆ ಅನುದಾನ, ಬಣ್ಣಕ್ಕೆಂದು. ಅದರಲ್ಲಿ ಒಂದು ಚೀಲ ಸಿಮೆಂಟ್ ಕೊಂಡರೂ ತಪ್ಪು. ತಿಂಗಳೊಳಗೆ ಖರ್ಚಾಗದಿದ್ದರೆ ವಾಪಸು.

"ಮಾಳಿಗಿ ಬೀಳಾಕತ್ತದ, ಇವರು ಬಣ್ಣ ಹಚ್ಚು ಅಂತಾರ," ಟೀಚರ್ ಸಿಡುಕಿದರು. "ವಾಪಸ್ ಕಳಸ್ತೀನಿ."

"ಬ್ಯಾಡ್ರೀ ಮೇಡಂ," ಎಂದೆ ನಾನು, ದೊಡ್ಡ ಬುದ್ಧಿವಂತಳಂತೆ. "ಈ ಸಲ ವಾಪಸ್ ಹೋದ್ರ ಮುಂದಿನ ವರ್ಷ ಏನೂ ಕೊಡಂಗಿಲ್ಲ."

ಪೇಂಟರ್ ಪರ್ವೇಜ್ ಬಂದ. ಬಿರುಕಿಗೆ ಪುಟ್ಟಿ ಮೆತ್ತಿ, ಮೇಲೆ ಎರಡು ಕೋಟು ಬಿಳಿ ಹೊಡೆದ. ಕೋಣೆ ಮದುವೆ ಮನೆಯಂತಾಯಿತು. ಟೀಚರ್ ಫೋಟೊ ತೆಗೆದು, ಹಣ ಬಳಸಿದ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕಳಿಸಿದರು.

ಜೂನಿನಲ್ಲಿ ಕೊನೆಗೂ ಇಂಜಿನಿಯರ್ ಯಂಕಪ್ಪ ಬಂದರು. ಕತ್ತೆತ್ತಿ ನೋಡಿ ನಕ್ಕೇಬಿಟ್ಟರು.

"ಇಷ್ಟು ಛಲೋ ಅದಲ್ರೀ ಮೇಡಂ!"

"ಬಿರುಕು ಬಣ್ಣದ ಕೆಳಗದರಿ ಸರ್. ಕೆರೆದು ತೋರಸ್ತೀನಿ."

"ನಿಮ್ಮ ಫೋಟೊ, ಸಹಿ ಎರಡೂ ಆಫೀಸಿನಾಗ ಅವ. ಮಾಳಿಗಿ ಕಂಬಿ ಹೊರಗ ಬಂದ ಶಾಲಿಗೇ ರೊಕ್ಕ ಸಾಲವಲ್ದು, ನಿಮ್ಮದು ಹ್ಯಾಂಗ ಬರೀಲಿ?"

ದುರಸ್ತಿಯ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರು ಹೊಡೆದುಹಾಕಿ ಹೋದರು. ಟೀಚರ್ ಮೇಜಿನ ಮೇಲೆ ಹತ್ತಿ ಚಾಕುವಿನಿಂದ ಕೆರೆದರು. ಅಂಗೈಯಗಲದ ಗಾರೆ ಕಳಚಿ ಅವರ ಹೆಗಲ ಮೇಲೆ ಬಿತ್ತು. ಬಿರುಕು ಒಳಗೊಳಗೇ ಬೆಳೆದಿತ್ತು. ಮತ್ತೆ ಅರ್ಜಿ ಬರೆದೆವು. ಮುಂದಿನ ವರ್ಷದ ಪಟ್ಟಿಯಲ್ಲಿ ನೋಡೋಣ ಎಂಬ ಉತ್ತರ ಬಂತು.

ಆ ಕೋಣೆಗೆ ಬೀಗ ಹಾಕಿ, ಎರಡನೇ ತರಗತಿಯ ಮಕ್ಕಳನ್ನು ವರಾಂಡದಲ್ಲಿ ಕೂರಿಸಿದೆವು. ಜುಲೈನಲ್ಲಿ ಒಂದು ದಿನ ಮಳೆ ಓರೆಯಾಗಿ ಹೊಡೆಯಿತು. ಪುಸ್ತಕಗಳು ತೊಯ್ದವು, ಮಕ್ಕಳು ನಡುಗಿದರು. ಇನ್ನೊಂದು ಕೋಣೆಯಲ್ಲಿ ಆಗಲೇ ಎರಡು ತರಗತಿಗಳು ಕಿಕ್ಕಿರಿದಿದ್ದವು. ಟೀಚರ್ ಬೇರೆ ದಾರಿ ಕಾಣದೆ ಬೀಗ ತೆಗೆದರು. ಇಪ್ಪತ್ತಾರು ಮಕ್ಕಳನ್ನೂ ಗೋಡೆಗೆ ಒರಗಿಸಿ ಕೂರಿಸಿ, ತಮ್ಮ ಕುರ್ಚಿಯನ್ನು ಬಿರುಕಿನ ಕೆಳಗೆ ಹಾಕಿಕೊಂಡರು. ನಡುವೆ ಯಾವ ಮಗುವೂ ಸುಳಿಯಬಾರದೆಂದು ಜಾಗ ಹಿಡಿದು ಕುಳಿತದ್ದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ನೀವ್ಯಾಕ ಅಲ್ಲಿ ಕುಂತೀರಿ ಟೀಚರ್?" ಪುಟ್ಟ ಕಾವೇರಿ ಕೇಳಿದಳು.

"ಇಲ್ಲಿಂದ ನೀವೆಲ್ಲಾ ಕಾಣ್ತೀರಿ."

"ನಾನೂ ನಿಮ್ಮ ಬಾಜೂಕ ಬರ್ತೀನ್ರೀ," ಎಂದವಳೇ ಚೀಲ ಎತ್ತಿಕೊಂಡು ಎದ್ದಳು.

"ಅಲ್ಲೇ ಕುಂದರು!" ಟೀಚರ್ ಚೀರಿದರು. ಅವರು ಮಗುವಿನ ಮೇಲೆ ಹಾಗೆ ಚೀರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಕಾವೇರಿ ಗೋಡೆಗೆ ಅಂಟಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಟೀಚರಿಗೂ ಕಣ್ಣು ತುಂಬಿತು. ಆದರೆ ಎದ್ದು ಹೋಗಿ ಸಮಾಧಾನ ಮಾಡಲು ಜಾಗ ಬಿಡುವಂತಿರಲಿಲ್ಲ, ಅವಳನ್ನು ಹತ್ತಿರ ಕರೆಯುವಂತೆಯೂ ಇರಲಿಲ್ಲ.