ಸುಂಡಿಲಿಯ ಮೇಲೆ ಬಿದ್ದ ಮದುವೆ ಕಂಬಳಿ

ನಾನು ಹುಟ್ಟಿದ್ದೇ ಅವಸರದಲ್ಲಿ ಎಂದು ನನ್ನವ್ವ ಹೇಳುತ್ತಿದ್ದಳು. ಮೊದಲು ಕೈ ಓಡುತ್ತದೆ, ಆಮೇಲೆ ಬುದ್ಧಿ. ಈಗ ಮುದುಕಿಯಾದರೂ ಆ ಗುಣ ಹೋಗಿಲ್ಲ, ಹೋಗುವುದೂ ಬೇಡ. ಅದರಿಂದ ರಂಗಂಪೇಟೆಯ ನಮ್ಮ ಮನೆಯಲ್ಲಿ ಒಮ್ಮೆ ಆದ ಫಜೀತಿ ನೆನೆದರೆ ಇವತ್ತಿಗೂ ಎದೆ ಡವಗುಟ್ಟುತ್ತದೆ, ನಗುವೂ ಬರುತ್ತದೆ.

ನಿಜಾಮರ ಆಳ್ವಿಕೆಯ ಕೊನೆಯ ದಿನಗಳು. ಮುದನಾಳದಿಂದ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಎರಡೂ ಕಡೆ ಕುರಿ ಸಾಕುವ ಮನೆತನ. ಮರುದಿನವೇ ನಾದಿನಿಯ ಮದುವೆ. ನಮ್ಮಲ್ಲಿ ಮದುಮಕ್ಕಳನ್ನು ಕೂರಿಸುವುದು ಕರಿ ಕಂಬಳಿಯ ಮೇಲೆ. ಅದು ಹೊಚ್ಚಹೊಸದಿರಬೇಕು, ಮೊದಲು ಯಾರೂ ಅದನ್ನು ನೆಲಕ್ಕೆ ಹಾಸಿರಬಾರದು. ಚಳಿಗಾಲವೆಲ್ಲ ಕೂತು ಅತ್ತೆ ತಮ್ಮ ಮಗಳಿಗಾಗಿ ಉಣ್ಣೆ ನೂತಿದ್ದರು, ಮಾವ ನೇಯ್ದಿದ್ದರು. ಆ ಕಂಬಳಿ ಪಡಸಾಲೆಯ ಗೂಟದ ಮೇಲಿತ್ತು.

ನಮ್ಮೂರಿನವರೇ ಆದ ಬೀಗರಿಗೆ ಜಾಗ ಮಾಡಲೆಂದು ಮಾವ ಮೂಲೆಯಲ್ಲಿದ್ದ ಉಣ್ಣೆಯ ರಾಶಿಯನ್ನು ಹೊರಗೆ ಎಳೆಯುತ್ತಿದ್ದರು. ನಾನು ಅಲ್ಲೇ ನಾದಿನಿಯ ಕಾಲಿಗೆ ಅರಿಸಿನ ಹಚ್ಚುತ್ತಿದ್ದೆ. ತಲೆ ಎತ್ತಿದರೆ, ಗೋಡೆಯ ಬುಡದಲ್ಲಿ ಮೊಳದುದ್ದದ್ದೇನೋ ಸರಸರ ಬಳುಕುತ್ತ ಅವಳ ಬರಿಗಾಲಿನ ಕಡೆಗೇ ಬರುತ್ತಿದೆ.

“ಹಾವು!”

ಕುರಿ ಕಾಯುವವರು ಹಾವು ಕಂಡರೆ ಮೊದಲೇ ಬಡಿಗೆ ಎತ್ತುವುದಿಲ್ಲ. ಹೆಗಲ ಕಂಬಳಿ ಬೀಸಿ ಅದನ್ನು ಮುಚ್ಚುತ್ತಾರೆ. ದಾರಿ ಕಾಣದೆ ಅದು ನಿಂತ ಮೇಲೆ ಬಡಿಗೆ. ಅಡವಿಯಲ್ಲಿ ನನ್ನಪ್ಪ ಹಾಗೆ ಮಾಡುವುದನ್ನು ನೋಡಿ ಬೆಳೆದವಳು ನಾನು. ಕೈಗೆ ಸಿಕ್ಕ ಕಂಬಳಿ ಎಳೆದು ಬೀಸಿಯೇ ಬಿಟ್ಟೆ. ಗುರಿ ತಪ್ಪಲಿಲ್ಲ. ಎಂಥ ಹಿಗ್ಗು ನನಗೆ! ಅದು ಯಾವ ಕಂಬಳಿ ಎಂದು ಹೊಳೆದದ್ದು ಅತ್ತೆ ಒದರಿದಾಗಲೇ.

“ಅಯ್ಯಯ್ಯ, ಮದವಿ ಕಂಬಳಿ ಹಾಸೇಬಿಟ್ಲಲ್ಲ ಈಕಿ!”

ಮಾವ ಬಡಿಗೆ ಎತ್ತಿದರು.

“ಹೊಡೀಬ್ಯಾಡ್ರಿ! ಕಂಬಳಿಗೆ ರಕ್ತ ಹತ್ತತೈತಿ,” ಎಂದರು ಅತ್ತೆ.

“ಹೊಡೀಲಿಲ್ಲಂದ್ರ ಅದು ಯಾರಿಗರೆ ಕಡೀತೈತಿ.”

ಹಾವೂ ಸಾಯಬೇಕು, ಕಂಬಳಿಯೂ ಕೆಡಬಾರದು. ಎತ್ತಿದ ಬಡಿಗೆ ಎತ್ತಿದಲ್ಲೇ ಇತ್ತು. ಅಷ್ಟರಲ್ಲಿ ಕಂಬಳಿಯೊಳಗಿಂದ ‘ಚೀಂವ್ ಚೀಂವ್’ ಎಂದು ಸದ್ದು ಬಂತು. ಹಾವು ಎಲ್ಲಾದರೂ ಹಾಗೆ ಕೂಗುತ್ತದೆಯೇ? ಮಾವ ಬಡಿಗೆಯ ತುದಿಯಿಂದ ಮೆಲ್ಲಗೆ ಅಂಚು ಎತ್ತಿದರು.

ಸುಂಡಿಲಿ! ಚೂಪು ಮೂತಿಯ ತಾಯಿ ಮುಂದೆ. ಅದರ ಬಾಲದ ಬುಡವನ್ನು ಒಂದು ಮರಿ ಕಚ್ಚಿ ಹಿಡಿದಿತ್ತು, ಆ ಮರಿಯ ಬಾಲವನ್ನು ಇನ್ನೊಂದು, ಅದರ ಹಿಂದೆ ಮತ್ತೊಂದು. ಉಣ್ಣೆಯೊಳಗಿನ ಗೂಡು ಕೆಟ್ಟಿತೆಂದು ಮಕ್ಕಳನ್ನು ಕಟ್ಟಿಕೊಂಡು ಹೊರಟಿತ್ತು, ಪಾಪ. ಅಷ್ಟು ಗದ್ದಲದಲ್ಲೂ ಒಂದು ಮರಿಯೂ ಹಿಡಿತ ಬಿಟ್ಟಿರಲಿಲ್ಲ. “ನೋಡ್ರಿ, ನೋಡ್ರಿ!” ಎಂದು ನಾನು ಕುಣಿದಾಡಿದೆ. ಸಾಲು ಮುರಿಯದೆ ಅವು ನಮ್ಮೆಲ್ಲರ ಕಾಲುಗಳ ನಡುವೆಯೇ ಹಾದು ಹೊಸ್ತಿಲು ದಾಟಿದವು.

ಕುಣಿಯುತ್ತಿದ್ದವಳು ನಾನೊಬ್ಬಳೇ. ಅತ್ತೆ ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಸಿದು ಕೂತಿದ್ದರು. ಹಾಸಿದ್ದಂತೂ ಹಾಸಿಯಾಗಿತ್ತು, ಮೇಲೆ ಸುಂಡಿಲಿಯ ಗಬ್ಬುನಾತ ಬೇರೆ. ಕಕ್ಕೇರಾದ ನೆಂಟರ ಮನೆಯಲ್ಲಿ ಹೊಸ ಕಂಬಳಿ ಇತ್ತು; ಆದರೆ ದಾರಿಯಲ್ಲಿ ಗಲಾಟೆಯೆಂದು ಆ ದಿನಗಳಲ್ಲಿ ಯಾರೂ ಊರು ಬಿಟ್ಟು ಹೊರಡುತ್ತಿರಲಿಲ್ಲ.

“ಹಾಸಿದ ಕಂಬಳಿ ಮ್ಯಾಲೆ ಮಗಳನ್ನ ಹೆಂಗ ಕುಂದರಸ್ಲಿ? ಬೀಗರಿಗೆ ಏನಂತ ಹೇಳ್ಲಿ?” ಅತ್ತೆಯ ಕಣ್ಣಲ್ಲಿ ನೀರು. ನನ್ನ ಕುಣಿತ ಅಲ್ಲಿಗೇ ನಿಂತಿತು.

ಮದುಮಗಳು ಬಾಯಿ ಬಿಡಬಾರದು ಎನ್ನುವ ಕಾಲ. ನಾದಿನಿ ಅರಿಸಿನದ ಕಾಲಲ್ಲೇ ಎದ್ದು ಬಂದು ಕಂಬಳಿಯನ್ನು ಕಸಿದುಕೊಂಡಳು.

“ಬೀಗರಿಗೆ ನಾನ ಹೇಳ್ತೀನಿ. ಹಾವು ನನ್ನ ಕಡೀಗೆ ಬರಾಕತ್ತೈತಿ ಅಂತ ತಿಳದು ವೈನಿ ಬೀಸಿದ ಕಂಬಳಿ ಇದು. ಇದರ ಮ್ಯಾಲೆ ಕುಂದರದ ಇನ್ಯಾವುದರ ಮ್ಯಾಲೆ ಕುಂದರ್ಲಿ?”

ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕಂಬಳಿಯ ಒಂದು ತುದಿಯನ್ನು ನನ್ನತ್ತ ಚಾಚಿ, “ಹಿಡಿ ಈ ಕಡಿ. ಝಾಡಿಸಿ ಬಿಸಿಲಿಗೆ ಹಾಕೂಣು,” ಎಂದರು.

ನಾದಿನಿ ಹೇಳಿದಂತೆಯೇ ಮರುದಿನ ಬೀಗರಿಗೆ ಎಲ್ಲವನ್ನೂ ತಾನೇ ಹೇಳಿದಳು. ಅವರು ಒಂದು ಕೈಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದರಿಂದ ಅಕ್ಕಿಕಾಳು ಹಾಕಿದರು. ಕಂಬಳಿಯ ಮೇಲೆ ಅವಳು ತಲೆ ತಗ್ಗಿಸಿ ಕೂತಿದ್ದಳು, ಭುಜ ಅಲುಗುತ್ತಿತ್ತು. ತವರು ಬಿಡುವ ಸಂಕಟ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ನನ್ನ ಕೈಯನ್ನು ಅವಳು ಹಿಡಿದಿದ್ದಳು. ಅವಳು ನಗುತ್ತಿದ್ದಾಳೆಂದು ನನಗೊಬ್ಬಳಿಗೇ ಗೊತ್ತಿತ್ತು.