ಇಂಗ್ಲಿಷ್ ಪೈ, ಕಾರ್ಕಳದ ಪೈ

ಆ ಗುರುವಾರ ನಾನು ಮಿಕ್ಸರ್‌ನಲ್ಲಿ ಕಾಯಿ ರುಬ್ಬುತ್ತಿದ್ದೆ. ಹಾಲ್‌ನಲ್ಲಿ ನಮ್ಮವರು ಕಾರ್ಕಳಕ್ಕೆ ಫೋನ್ ಮಾಡಿದ್ದರು. ಆ ಕಡೆ ಅವರ ಸೋದರತ್ತೆ. ಇಬ್ಬರೂ ಏನು ಮಾತಾಡಿದರೋ, ಮಿಕ್ಸರ್ ಸದ್ದನ್ನೂ ಮೀರಿ ಇವರ ನಗು ಕೇಳಿಸಿತು. ಸಣ್ಣ ನಗುವಲ್ಲ. ಸೋಫಾದ ಕೈ ಬಡಿದು ಬಡಿದು ನಗುವ ನಗು.

ಏನಂತೆ ಎಂದು ಅಡುಗೆಮನೆಯಿಂದಲೇ ಕೇಳಿದೆ.

"ನಾಳೆ ಊಟಕ್ಕೆ ಪೈ ಬರ್ತಾರಲ್ಲ, ಅವರೆದುರೇ ಹೇಳ್ತೇನೆ. ಎರಡೆರಡು ಸಲ ಹೇಳಿದ್ರೆ ರುಚಿ ಹೋಗ್ತದೆ ಮಾರಾಯ್ತಿ" ಎಂದರು.

ಸರಿ ಎಂದು ನಾನು ಮತ್ತೆ ಸ್ವಿಚ್ ಒತ್ತಿದೆ.

ಮರುದಿನ ಬೆಳಿಗ್ಗೆ ಇವರು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಕೆಲವು ವಾರ ಈ ಅಂಕಣ ಬಾರದಿದ್ದುದು ಅದಕ್ಕೆ. ವಿಚಾರಿಸಿದ ಓದುಗರಿಗೆಲ್ಲ ಇದೇ ಉತ್ತರ. ಹಾಗೆಂದು ಇವತ್ತು ಅಳುವ ಕಥೆ ಬರೆಯಲು ಕುಳಿತಿಲ್ಲ. ಇವರಿಗೆ ಅದು ಹಿಡಿಸುತ್ತಿರಲಿಲ್ಲ. (ನಾನು ಬರೆದದ್ದನ್ನು ಓದಿ ಮೊದಲು ಕೇಳುತ್ತಿದ್ದುದೇ, ನಗಲಿಕ್ಕೆ ಏನೂ ಇಲ್ಲವಾ ಎಂದು.) ಆದ್ದರಿಂದ ಪೈಗಳ ಕಥೆಯನ್ನೇ ಹೇಳುತ್ತೇನೆ.

ನಾವೂ ಪೈ, ಊಟಕ್ಕೆ ಬರಬೇಕಿದ್ದವರೂ ಪೈ. ಸಂಬಂಧಿಕರಾ? ಅಲ್ಲ. ಅವರು ಇಂಗ್ಲೆಂಡಿನವರು.

ಎಂಬತ್ತೈದರಲ್ಲಿ ಇವರ ಕಂಪನಿಗೆ ಹೊಸ ಇಂಜಿನಿಯರ್ ಬರುತ್ತಾರೆಂದು ಫೋನ್ ಬಂತು. ಹೆಸರು ಮಿಸ್ಟರ್ ಪೈ. ಇವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮವನೇ ಒಬ್ಬ! ಮಂಗಳೂರೋ, ಉಡುಪಿಯೋ? ನನಗೆ ನಮ್ಮ ಕೊಂಕಣಿಗರ ಬೇಳೆಸಾರು ದಾಳಿತೋಯ್, ಬೆಂಡೆಕಾಯಿ ಉಪ್ಕರಿ ಪಲ್ಯ ಮಾಡಿಡಲು ಹೇಳಿ, ರಟ್ಟಿನ ಬೋರ್ಡ್ ಹಿಡಿದು ಮಸ್ಕತ್ತಿನ ಸೀಬ್ ಏರ್‌ಪೋರ್ಟಿಗೆ ಹೋದರು. ಬಂದವನಿಗೆ ಖುಷಿಯಾಗಲಿ ಎಂದು ಬೋರ್ಡಿನಲ್ಲಿ ಕನ್ನಡದಲ್ಲೇ ದೊಡ್ಡದಾಗಿ 'ಪೈ' ಎಂದು ಬರೆದಿದ್ದರು.

ವಿಮಾನದಿಂದ ಇಳಿದವರೆಲ್ಲ ಹೋದರು. ಉಳಿದದ್ದು ಇವರು, ಮತ್ತೆ ಸೆಕೆಗೆ ಕೆಂಪಗಾಗಿ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಬಿಳಿಯ ಸಾಹೇಬರು. ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದ ಮೇಲೆ ಇವರೇ ಹತ್ತಿರ ಹೋಗಿ, ನಿಮ್ಮ ವಿಮಾನದಲ್ಲಿ ಪೈ ಎಂಬ ಇಂಡಿಯನ್ ಇದ್ದರಾ ಎಂದು ಕೇಳಿದರು.

"ಐ ಆಮ್ ಪೈ" ಎಂದರಂತೆ ಅವರು.

"ನೋ ನೋ, ಐ ಆಮ್ ಪೈ" ಎಂದರಂತೆ ಇವರು.

ದಾಳಿತೋಯ್ ವೇಸ್ಟ್ ಆಗಲಿಲ್ಲ. ಪೈ ಸಾಹೇಬರು ಮತ್ತೆ ಮತ್ತೆ ಹಾಕಿಸಿಕೊಂಡರು. ಅವರ ಹೆಂಡತಿ ಇಂಗ್ಲೆಂಡಿನಲ್ಲೇ ಇದ್ದುದರಿಂದ, ಅಂದಿನಿಂದ ಅವರ ಶುಕ್ರವಾರದ ಊಟ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲೇ ಆಯಿತು.

ಇಂಗ್ಲಿಷಿನಲ್ಲಿ ಇಬ್ಬರ ಸ್ಪೆಲ್ಲಿಂಗ್ ಬೇರೆ ಅನ್ನಿ. ಒಮಾನದಲ್ಲಿ ಆ ವ್ಯತ್ಯಾಸವೂ ಉಳಿಯಲಿಲ್ಲ. ಅರಬಿಯಲ್ಲಿ 'ಪ' ಎಂಬ ಅಕ್ಷರವಿಲ್ಲ, 'ಬ' ಇದೆ. ಹಾಗಾಗಿ ಇಬ್ಬರ ಗುರುತಿನ ಕಾರ್ಡಿನಲ್ಲೂ 'ಬಾಯ್'. ಆಫೀಸಿನ ಒಮಾನಿ ಗುಮಾಸ್ತ ಇಬ್ಬರನ್ನೂ ಅಣ್ಣ ತಮ್ಮ ಎಂದೇ ಕರೆಯುತ್ತಿದ್ದ. ಇಬ್ಬರ ಕಾಗದ ಅದಲು ಬದಲಾದರೆ, ಒಂದೇ ಮನೆಗಲ್ಲವಾ ಹೋದದ್ದು, ಖಲಾಸ್, ಎನ್ನುತ್ತಿದ್ದ. ನಮ್ಮವರಿಗೆ ಅದೇ ಖುಷಿ. "ನೋಡು, ಇಲ್ಲಿ ಸರಕಾರವೇ ನನಗೆ ಬಾಯಿ ಅಂತ ಹೆಸರಿಟ್ಟಿದೆ. ಇನ್ನು ನೀನು ಮುಚ್ಚಿ ಅನ್ನುವ ಹಾಗಿಲ್ಲ."

ನಾನು ಎಷ್ಟು ಸಲ ಹಾಗೆ ಹೇಳಿದ್ದೆನೋ.

ಈ ವರ್ಷ ಪೈ ಸಾಹೇಬರು ರಜೆಯಲ್ಲಿ ಹೋದವರು ತಮ್ಮ ಹೆಸರಿನ ಮೂಲ ಹುಡುಕಿಕೊಂಡು ಬಂದರು. ಇಂಗ್ಲಿಷರಿಗೂ ಹಿಂದೆ ಮನೆಹೆಸರು ಇರಲಿಲ್ಲವಂತೆ. ಊರವರು ಕರೆದದ್ದೇ ಹೆಸರಂತೆ. ಪೈ ಎಂದರೆ ಫ್ರಾನ್ಸಿನಿಂದ ಬಂದ ಮಾತು, ಒಂದು ಹಕ್ಕಿಯ ಹೆಸರು. ನಮ್ಮ ಮಡಿವಾಳ ಹಕ್ಕಿಯ ಹಾಗೆ ಕಪ್ಪು ಬಿಳುಪು, ಆದರೆ ಕಾಗೆಯ ಜಾತಿ. ಬಾಯಿ ಮುಚ್ಚುವುದೇ ಇಲ್ಲ. ಯಾರೋ ವಾಚಾಳಿ ಅಜ್ಜನನ್ನು ಊರವರು ಹಾಗೆ ಕರೆದಿರಬೇಕು. (ಪೈ ಎಂಬ ತಿಂಡಿ ಮಾರುತ್ತಿದ್ದವನು ಎನ್ನುವವರೂ ಇದ್ದಾರಂತೆ.) ಇದನ್ನು ಹೇಳಿದ ಪೈ ಸಾಹೇಬರು ಒಂದು ಊಟಕ್ಕೆ ನಾಲ್ಕು ಮಾತಾಡುವವರು. ಕೇಳುತ್ತಿದ್ದ ನಮ್ಮ ಪೈ ನಿದ್ದೆಯಲ್ಲೂ ಮಾತಾಡುವವರು. ಹೆಸರು ಅವರದ್ದು, ಗುಣ ಇವರದ್ದು.

ಹೆಸರು ಒಂದು ಕಡೆ ಕೂತದ್ದೂ ಇಲ್ಲ. ವೇಲ್ಸ್ ಗಡಿಯ ಹಳ್ಳಿಯಲ್ಲಿ ಹೊಲದ ಕೆಲಸ ಸಾಲದೆ ಸಾಹೇಬರ ಮುತ್ತಜ್ಜ ಲಿವರ್‌ಪೂಲ್ ಬಂದರಿಗೆ ಹೋದರು. ಅವರ ಒಬ್ಬ ತಮ್ಮ ಆಸ್ಟ್ರೇಲಿಯಾಕ್ಕೆ, ಇನ್ನೊಬ್ಬ ಕೆನಡಾಕ್ಕೆ. ಅಪ್ಪ ಏಡನ್‌ಗೆ. ಮಗ ಮಸ್ಕತ್ತಿಗೆ.

"ಅಂದ್ರೆ ನೀವೂ ನಮ್ಮ ಹಾಗೆ ಹೊಟ್ಟೆಪಾಡಿನ ಪೈಗಳೇ" ಎಂದರು ಇವರು. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಮಗಳ ಸಹಾಯ ಬೇಕಾಯಿತು.

ಆಗ ಪೈ ಸಾಹೇಬರು ಕೇಳಿದರು: ನಿಮ್ಮ ಪೈ ಎಲ್ಲಿಂದ ಬಂತು?

ಇವರು ಎಂದಿನ ಜೋರಿನಲ್ಲೇ ಶುರು ಮಾಡಿದರು. ಗೋವಾದಿಂದ, ಎಂದರು. ಆಮೇಲೆ? ಅಜ್ಜನ ಆಚೆಗೆ ಒಬ್ಬರ ಹೆಸರೂ ಗೊತ್ತಿಲ್ಲ. ಮುಂದಿನ ಶುಕ್ರವಾರ ಹೇಳುತ್ತೇನೆ ಎಂದು ಮಾತು ಕೊಟ್ಟರು. ಆ ಗುರುವಾರದ ಫೋನು ಅದಕ್ಕೇ.

ಮಗಳ ಪರೀಕ್ಷೆ ಮುಗಿದ ಕೂಡಲೇ ನಾವು ಊರಿಗೆ ಹೊರಡುತ್ತೇವೆ. ಇವರ ಹೆಸರಲ್ಲೇ ನಮ್ಮ ವೀಸಾ ಇದ್ದದ್ದು. ಅದಕ್ಕೆ ಮೊನ್ನೆ ಶುಕ್ರವಾರ ಪೈ ಸಾಹೇಬರನ್ನು ಊಟಕ್ಕೆ ಕರೆದೆ. ಸ್ವತಃ ಮಾಡಿದ ಸೇಬಿನ ಪೈ ತಂದರು. (ತಳ ಸ್ವಲ್ಪ ಸೀದಿತ್ತು.) ಇವರ ಕುರ್ಚಿ ಬಿಟ್ಟು ಪಕ್ಕದಲ್ಲಿ ಕುಳಿತರು. ಊಟದ ನಡುವೆ ಮೆಲ್ಲಗೆ, "ಮಿಸೆಸ್ ಪೈ, ನನಗೊಂದು ಕಥೆ ಬರಬೇಕಿತ್ತು" ಎಂದರು.

ಬರಬೇಕಿತ್ತು, ನಿಜ. ಅದನ್ನು ಕೊಡದೆ ಹೊರಟರೆ ಇವರ ಮಾತು ತಪ್ಪಿದ ಹಾಗೆ. ನಾನು ಮೊದಲೇ ಕಾರ್ಕಳಕ್ಕೆ ಫೋನ್ ಮಾಡಿ ಇವರ ಸೋದರತ್ತೆಯನ್ನು ಕೇಳಿದ್ದೆ.

"ಅವನಿಗೆ ಒಂದಾ ಎರಡಾ, ಬಾಯಿಗೆ ಬಂದದ್ದೆಲ್ಲ ಹೇಳಿದ್ದೆ ಮಾರಾಯ್ತಿ" ಎಂದಿದ್ದರು ಅತ್ತೆ. "ಯಾವುದಕ್ಕೆ ನಕ್ಕ ಅಂತ ಈಗ ಕೇಳಿದ್ರೆ ನಾನೇನು ಹೇಳ್ಲಿ? ಅವ ಎಲ್ಲದಕ್ಕೂ ನಗ್ತಿದ್ದ."

ಹಾಗಾಗಿ ಎಲ್ಲವನ್ನೂ ಬಡಿಸಿದೆ. ಒಬ್ಬ ಅಜ್ಜ ಒಂದು ಪೈಯನ್ನೂ ಬಿಡದ ಜಿಪುಣ, ಅದಕ್ಕೆ ಪೈ. ಇನ್ನೊಬ್ಬರು ಗೋವಾದಿಂದ ನಡೆದೇ ಬಂದವರು, ಕೊಂಕಣಿಯಲ್ಲಿ ಪಾಯ್ ಎಂದರೆ ಕಾಲು, ಅದಕ್ಕೆ ಪೈ. ಇನ್ನೊಬ್ಬರಿಗೆ ಮಾರುದ್ದದ ಹೆಸರಿತ್ತು, ದಾರಿಯುದ್ದಕ್ಕೂ ಸವೆದು ಸವೆದು ಕಾರ್ಕಳ ಮುಟ್ಟುವಾಗ ಉಳಿದದ್ದೇ ಪೈ. ಯಾವುದು ನಿಜ? ಅತ್ತೆಗೂ ಗೊತ್ತಿಲ್ಲ.

ಪೈ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕದ್ದು ಸವೆದ ಹೆಸರಿಗೆ. ನಿಮ್ಮವರೂ ಇದಕ್ಕೇ ನಕ್ಕಿರಬೇಕು ಎಂದರು. ಮಗಳು, "ನೋ ಅಂಕಲ್, ಡ್ಯಾಡಿ ಜಿಪುಣ ಅಜ್ಜನಿಗೇ ನಕ್ಕದ್ದು, ಐ ನೋ ಹಿಮ್" ಎಂದಳು. ನನಗೋ, ನಡೆದು ಬಂದವರೇ ಇರಬೇಕು ಅನಿಸಿತ್ತು. ಊಟ ಮುಗಿಯುವವರೆಗೂ ವಾದ ಮಾಡಿದೆವು. ನಮ್ಮ ಮನೆಯಲ್ಲಿ ಅಷ್ಟು ಮಾತು ಕೇಳಿಸದೆ ಬಹಳ ದಿನವಾಗಿತ್ತು.

ಅವರು ಹೋದ ಮೇಲೆ ಮಿಕ್ಸರ್ ತೊಳೆದು ಊರಿಗೆ ಒಯ್ಯುವ ಪೆಟ್ಟಿಗೆಯಲ್ಲಿಟ್ಟೆ.

ಕಥೆಗಳೆಲ್ಲ ಸಿಕ್ಕಿದವು, ಇವರು ನಕ್ಕದ್ದು ಯಾವುದಕ್ಕೆ ಎಂಬುದೊಂದು ಸಿಕ್ಕಿಲ್ಲ.