ಹಲಗೆಯ ಸದ್ದಿನಡಿ ಒಂದು ದನಿ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಗೆ ಒಂದು ಸಿಹಿಯಾದ ಘಾಟು ಇರುತ್ತದೆ. ಕಳೆದ ತಿಂಗಳು ಕೋಠಿಯ ಗಲ್ಲಿಯೊಂದರಲ್ಲಿ ಸಣ್ಣ ಅಂಗಡಿಯ ಮೆಟ್ಟಿಲು ಹತ್ತುವಾಗ ಆ ವಾಸನೆ ಮೂಗಿಗೆ ಬಡಿಯಿತು. ನಾನು ಹೋಗಿದ್ದು ಹೆಡ್‌ಫೋನಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಕೊಳ್ಳಲು. ಜೀಡಿಮೆಟ್ಲಾದ ಗುಳಿಗೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಯಂತ್ರದ ಮಗ್ಗುಲಲ್ಲೇ ನನ್ನ ನೌಕರಿ ಮುಗಿದದ್ದು. ಆ ಗದ್ದಲಕ್ಕೆ ನನ್ನ ಕಿವಿಯೂ ಮಂದವಾಗಿದೆ, ಈಗ ರೇಡಿಯೋಕ್ಕೆ ಹೆಡ್‌ಫೋನ್ ಹಚ್ಚಿದರೂ ವಾರ್ತೆ ಓದುವವರು ಯಾವುದೋ ದೂರದ ಕೋಣೆಯಲ್ಲಿ ಕೂತು ಗೊಣಗಿದ ಹಾಗೆ ಕೇಳುತ್ತದೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಕನ್ನಡ ಆಡುವುದು ಆ ರೇಡಿಯೋ ಒಂದೇ. ಪಿಂಚಣಿ ಸಣ್ಣದು, ಅದಕ್ಕೆ ಅಗ್ಗದ್ದೇನಾದರೂ ಸಿಕ್ಕೀತೇ ಎಂದು ಹೋಗಿದ್ದೆ.

ಆ ಘಾಟು ಮೂಗಿಗೆ ಬಂದದ್ದೇ ತಡ, ನಿಂತುಬಿಟ್ಟೆ. ಬಹಳ ವರ್ಷಗಳ ಹಿಂದೆ ಇದೇ ಅಂಗಡಿಗೆ ಇಂಥದೇ ಡಬ್ಬಿ ಕೊಳ್ಳಲು ಪಕ್ಕದ ಮನೆಯ ಕಾಕಾನನ್ನು ಕರೆದುಕೊಂಡು ಬಂದಿದ್ದೆ...

ಸನತ್‌ನಗರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ತೆಳ್ಳನೆಯ ಗೋಡೆ. ಕಾಕಾ ಚಿತ್ತಾಪುರದ ಕಡೆಯವರು. ರಕ್ತಸಂಬಂಧವೇನೂ ಇರಲಿಲ್ಲ. ನಮ್ಮ ಕಡೆಯ ಮಾತಾಡುವ ಹಿರಿಯರೆಂದು ಕಾಕಾ ಎನ್ನುತ್ತಿದ್ದೆ. ಮನೆಮನೆಗೆ ಫರಸಿಕಲ್ಲು ಹಾಸಿ, ಮಷೀನು ಹಿಡಿದು ಪಾಲಿಶ್ ಮಾಡುವುದು ಅವರ ಕೆಲಸವಾಗಿತ್ತು. ಆ ಮಷೀನಿನ ಚೀರಾಟಕ್ಕೆ ಕಿವಿ ಮಂದವಾಗಿತ್ತು, ದಿನದಿಂದ ದಿನಕ್ಕೆ ಇನ್ನೂ ಮಂದವಾಗುತ್ತಿತ್ತು. ನಾವು ಆ ಮನೆಗೆ ಬರುವ ಮೊದಲೇ ಕಾಕಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

ಅವರ ಬಳಿ ಒಂದು ಟೇಪ್ ರೆಕಾರ್ಡರ್, ಒಂದೇ ಒಂದು ಕ್ಯಾಸೆಟ್ ಇತ್ತು. ಕಾಕಿಯ ತಂಗಿಯ ಮಗಳ ಮದುವೆಯಲ್ಲಿ ಯಾರೋ ತುಂಬಿಸಿದ್ದು. ಹೆಂಗಸರು ಕೂಡಿ ಸೋಬಾನ ಹಾಡುತ್ತಾರೆ, ಅವರಲ್ಲಿ ಕಾಕಿಯೂ ಒಬ್ಬರು. ಹಿಂದೆಯೇ ಹಲಗೆ ಬಡಿಯುವವರು. ಕಾಕಿಯ ದನಿ ಈ ಲೋಕದಲ್ಲಿ ಉಳಿದಿದ್ದದ್ದು ಅಷ್ಟರಲ್ಲೇ. ಕಿವಿ ಪೂರ್ತಿ ಹೋಗುವ ಮೊದಲು ಆ ದನಿಯನ್ನೊಮ್ಮೆ ಉಳಿದವರ ದನಿಯಿಂದ ಬೇರೆಯಾಗಿ ಕೇಳಬೇಕು ಎಂದು ಕಾಕಾ ಅದೇ ಹಾಡನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಹಾಕುತ್ತಿದ್ದರು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಗೋಡೆ ದಾಟಿ ನನ್ನ ಕಡೆಗೆ ಹಲಗೆಯ ಬಡಿತ ಮಾತ್ರ ಬರುತ್ತಿತ್ತು. ಹಾಡು ಆಚೆಯೇ ಉಳಿಯುತ್ತಿತ್ತು. ಧಂ ಧಂ, ಒಂದು ಕಟ್ ಎನ್ನುವ ಸದ್ದು, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಧಂ ಧಂ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವನಿಗೆ ಅದು ಹಣೆಗೆ ಮೊಳೆ ಹೊಡೆದ ಹಾಗಿರುತ್ತಿತ್ತು. ಮುದುಕನಿಗೆ ಹಲಗೆಯ ಹುಚ್ಚು ಹಿಡಿದಿದೆ ಎಂದುಕೊಂಡೆ. ಒಂದು ದಿನ ತಡೆಯಲಾರದೆ ಹೋಗಿ ಬಾಗಿಲು ಬಡಿದೆ.

"ಕಾಕಾ, ಪಾಳಿ ಮುಗಿಸಿ ಬಂದು ಈಗಷ್ಟ ಮಲಗೀನ್ರಿ. ನಿಮ್ಮ ಹಲಿಗಿ ನನ್ನ ತಲಿ ಮ್ಯಾಲ ಬಡದಂಗ ಆಗಾಕತ್ತೈತಿ!"

"ಹಲಿಗಿ?" ಕಾಕಾ ಕಿವಿಗೆ ಕೈ ಒಡ್ಡಿ ನನ್ನ ಬಾಯಿಯನ್ನೇ ನೋಡಿದರು. "ನಾ ಎಲ್ಲಿ ಹಲಿಗಿ ಕೇಳಾಕತ್ತೀನಿ, ತಮ್ಮಾ?"

ಅಲ್ಲಿ ಒಂದು ಕ್ಷಣ ನಿಂತು, ಹಾಗಾದರೆ ಏನು ಕೇಳುತ್ತೀರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೆಡ್‌ಫೋನ್ ಹಚ್ಚಿಕೊಳ್ಳಿ ಎಂದು ಗದರಿಸಿ ಬಂದುಬಿಟ್ಟೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. ಯಾರಿಂದಲೋ ಒಂದು ಹೆಡ್‌ಫೋನ್ ತರಿಸಿದರು. ಆದರೆ ಆ ಹಳೆಯ ರೆಕಾರ್ಡರಿನಿಂದ ಅದಕ್ಕೆ ಬರುವ ಸದ್ದು ಅವರ ಕಿವಿಗೆ ಸಾಲಲಿಲ್ಲ, ಗೋಡೆಯಾಚೆ ಮತ್ತೆ ಹಲಗೆ ಶುರುವಾಯಿತು. ಸದ್ದು ಹೆಚ್ಚಿಸುವ ಡಬ್ಬಿ ಕೋಠಿಯಲ್ಲಿ ಸಿಗುತ್ತದೆ ಎಂದು ಹೇಳಿದವನು ನಾನೇ. ಹಿಂದಿ, ತೆಲುಗು ಅವರಿಗೆ ಕೆಲಸದ ಮಟ್ಟಿಗೆ ಅಷ್ಟೇ. ಅದನ್ನೂ ಸರಿಯಾಗಿ ಕೇಳಿಸಿಕೊಳ್ಳಲಾರದವರು ಒಬ್ಬರೇ ಹೋಗುವುದು ಹೇಗೆ? ನಾನು ಜೊತೆಗೆ ಹೋದೆ. ಒಂದು ಬುಧವಾರ ಅದು. ಗದ್ದಲ ನಿಂತರೆ ಸಾಕಾಗಿತ್ತು ನನಗೆ.

ಅಂಗಡಿಯವ ಬೆಸುಗೆ ಹಾಕುತ್ತ ಕೂತಿದ್ದ. ಚಾಚಾ ಏನು ಕೇಳುತ್ತಾರೆ ಎಂದು ಹಿಂದಿಯಲ್ಲಿ ವಿಚಾರಿಸಿದ. ಕಾಕಾ ನನ್ನ ಅಂಗಿಯ ತೋಳು ಜಗ್ಗಿದರು. "ಆವಾಜ್ ಬೇಕಂತ ಹೇಳು ತಮ್ಮಾ. ಆಕಿ ಆವಾಜ್."

ನಮ್ಮ ಮಾತಿನಲ್ಲಿ ಆವಾಜ್ ಎಂದರೆ ಸದ್ದೂ ಹೌದು, ದನಿಯೂ ಹೌದು. ನಾನು ಆ "ಆಕಿ"ಯನ್ನು ಕೈಬಿಟ್ಟೆ. "ಆವಾಜ್ ಜ್ಯಾದಾ ಹೋನಾ. ಡೋಲ್ ಬಾಜಾ ಸುನ್ತೇ" ಎಂದೆ, ಸದ್ದು ಜಾಸ್ತಿ ಬೇಕು, ಇವರು ಡೋಲು ಕೇಳುವವರು ಎಂದು. ಗೋಡೆ ನನಗೆ ತಿಳಿಸಿದ್ದು ಅಷ್ಟೇ ಅಲ್ಲವೇ...

ಅವನು ಎರಡು ಡಬ್ಬಿ ಮುಂದಿಟ್ಟ. ಒಂದು ಹೊಳಪಿನದು, ಕೆಂಪು ದೀಪ, ಬಾಸ್ ಎಂದು ಬರೆದ ಗುಂಡಿ. ಅದನ್ನು ಒತ್ತಿದರೆ ಎದೆ ನಡುಗುವಂತೆ ಡೋಲು ಬಡಿಯುತ್ತದೆ ಎಂದ. ಇನ್ನೊಂದು ಅವನೇ ಕೂಡಿಸಿದ್ದು, ಬಣ್ಣವಿಲ್ಲದ ತಗಡಿನದು. ಗಡಸು ಸದ್ದಿಗೊಂದು, ಸಣ್ಣ ಸದ್ದಿಗೊಂದು ತಿರುಪು, ಅಷ್ಟೇ. ಅದರ ಬೆಲೆಯೂ ಕಡಿಮೆ. ಕಾಕಾ ಅದನ್ನೇ ಕೈಗೆತ್ತಿಕೊಂಡು, ಫರಸಿಯ ಅಂಚು ನೋಡುವವರಂತೆ ಬೆರಳಾಡಿಸಿದರು.

"ಇದು ಸಾಲೂದಿಲ್ಲೇನು ತಮ್ಮಾ? ನನ್ನ ಕಡೆ ಇರೂದರಾಗ ಇನ್ನೂ ಉಳಿತೈತಿ."

"ಅದು ಮಿಠಾಯಿ ಡಬ್ಬಿ ಇದ್ದಂಗೈತ್ರಿ ಕಾಕಾ. ಇದನ್ನ ತಗೋರಿ, ಒಮ್ಮೆ ತಗೊಂಡ್ರ ಮತ್ತ ಚಿಂತಿ ಇಲ್ಲ."

ಸೊಂಟದ ಗಂಟು ಬಿಚ್ಚಿ, ಇದ್ದದ್ದೆಲ್ಲ ಕೊಟ್ಟು ಕೆಂಪು ದೀಪದ್ದನ್ನೇ ಕೊಂಡರು. ಸರಿಬೀಳದಿದ್ದರೆ ಒಂದು ವಾರದೊಳಗೆ ತಂದು ಬದಲಿಸಿಕೊಳ್ಳಿ, ಐತವಾರ, ಅಂದರೆ ಭಾನುವಾರ ಮಾತ್ರ ಬಂದ್ ಎಂದು ಅಂಗಡಿಯವ ನನಗೆ ಹೇಳಿದ. ಕಾಕಾನಿಗೆ ಅದು ಕೇಳಿಸಲಿಲ್ಲ. ವಾರದೊಳಗೆ ಬದಲಿಸಬಹುದು ಎಂಬುದನ್ನಷ್ಟೇ ದಾರಿಯಲ್ಲಿ ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ.

ಮರುದಿನ ಸಂಜೆ ಕಾಕಾ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಆವಾಜ್ ಭಾಳ ಬರತೈತಿ ತಮ್ಮಾ. ಹಲಿಗಿ ಕಿವ್ಯಾಗ ಬಂದು ಕುಂತೈತಿ. ಆದ್ರ ಆಕಿ ಇಲ್ಲ."

"ಯಾರ್ರಿ?"

"ನಿಮ್ಮ ಕಾಕಿ."

ಆಗ ಹೇಳಿದರು. ಹಾಡಿನ ಪ್ರತಿ ಸಾಲಿನ ಕೊನೆಗೆ ಉಳಿದ ಹೆಂಗಸರೆಲ್ಲ ನಿಲ್ಲಿಸಿದ ಮೇಲೂ ಕಾಕಿಯ ದನಿ ಒಂದಿಷ್ಟು ಮುಂದೆ ಹೋಗಿ ನಿಲ್ಲುತ್ತಿತ್ತಂತೆ. ಎಲ್ಲರೂ ನಗುತ್ತಿದ್ದರಂತೆ. "ನಾನೂ ಚ್ಯಾಷ್ಟಿ ಮಾಡತಿದ್ದೆ. ನಿನ್ನ ಬಂಡಿಗಿ ಬ್ರೇಕ್ ಇಲ್ಲ ನೋಡು ಅಂತ..." ನಕ್ಕರು. ನನ್ನ ಹೆಂಡತಿ ಒಳಗೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಕೊನೆಯ ಎಳೆಯಷ್ಟೇ ಕಾಕಾ ಹುಡುಕುತ್ತಿದ್ದದ್ದು. ನಾನು ಕೊಡಿಸಿದ ಡಬ್ಬಿ ಅದರ ಮೇಲೆಯೇ ಹಲಗೆ ಬಡಿಯುತ್ತಿತ್ತು.

ಅಲ್ಲಿಯವರೆಗಿನದು ತಪ್ಪು ತಿಳಿವಳಿಕೆ. ಅದನ್ನು ಯಾರಾದರೂ ಕ್ಷಮಿಸಿಯಾರು. ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದರ ಮುಂದಿನದು. ಎಲ್ಲ ತಿಳಿದ ಮೇಲೂ, "ಐತವಾರ ಹೋಗಿ ಬದಲಿಸಿಕೊಂಡು ಬರೂಣ್ರಿ ಕಾಕಾ" ಎಂದೆ. ಐತವಾರ ಬಂದ್ ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಡಬ್ಬಿ ಬಂದದ್ದೇ ಗೋಡೆ ಸುಮ್ಮನಾಗಿತ್ತು, ಆ ಹಗಲು ನನಗೆ ಒಳ್ಳೆಯ ನಿದ್ದೆ ಬಂದಿತ್ತು. ಬದಲಿಸಲು ಕೊಟ್ಟರೆ ಮತ್ತೆ ಯಾವ ಗದ್ದಲವೋ, ಮತ್ತೆ ಎಷ್ಟು ಓಡಾಟವೋ ಎನಿಸಿತು. ಐತವಾರ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು ನಿಂತರು. "ಅಯ್ಯ ಕಾಕಾ, ಇವತ್ತ ಬಂದ್ ಇರತೈತ್ರಿ, ಮರತೇ ಹೋಗಿತ್ತು" ಎಂದು ಹಣೆ ಬಡಿದುಕೊಂಡೆ. ಹೆಂಡತಿಯ ಮುಂದೆಯೂ ಹಾಗೇ ನಟಿಸಿದೆ. ಸೋಮವಾರ, ಮಂಗಳವಾರ ಓವರ್‌ಟೈಮ್ ಎಂದೆ. ವಾರ ಕಳೆಯಿತು.

ಕಾಕಾ ಮತ್ತೆ ಕೇಳಲಿಲ್ಲ.

ಒಂದೆರಡು ಮಳೆಗಾಲ ಕಳೆಯುವುದರಲ್ಲಿ ಅವರ ಕಿವಿ ಪೂರ್ತಿ ಹೋಯಿತು. ಜಹೀರಾಬಾದಿನಲ್ಲಿದ್ದ ಅವರ ಅಣ್ಣನ ಮಗ ಬಂದು ಕರೆದುಕೊಂಡು ಹೊರಟ. ಆಟೋ ಹತ್ತುವ ಮುಂಚೆ ಕಾಕಾ ರೆಕಾರ್ಡರು, ಕ್ಯಾಸೆಟ್, ಡಬ್ಬಿ ಮೂರನ್ನೂ ತಂದು ನಮ್ಮ ಹೊಸ್ತಿಲ ಒಳಗಿಟ್ಟರು. ಇನ್ನು ತನಗೆ ಇವು ಬೇಡ ಎಂದು ಕೈ ಆಡಿಸಿದರು. ಆಮೇಲೆ ನನ್ನ ಭುಜ ತಟ್ಟಿ, ಕಿವುಡರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ ಕೇಳಿದರು. "ಈಗ ನಿದ್ದಿ ಚಲೋ ಹತ್ತತೈತಿಲ್ಲೋ ತಮ್ಮಾ?"

ಅದರಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೇ ಕೇಳಿದ್ದರು. ನಾನು ತಲೆಯಾಡಿಸಿದೆ. ಜಹೀರಾಬಾದಿಗೆ ಹೋಗಿ ಒಮ್ಮೆ ಕಂಡು ಬರಬೇಕು ಎಂದುಕೊಂಡೆ... ಹೋಗಲಿಲ್ಲ. ತೀರಿಕೊಂಡ ಸುದ್ದಿ ಕೂಡ ಯಾರದೋ ಬಾಯಿಂದ ತಡವಾಗಿ ಬಂತು.

ಈಗ ಆ ಅಂಗಡಿಯಲ್ಲಿ ಕೂರುವವನು ಅಂದಿನ ಅಂಗಡಿಯವನ ಮಗ, ಅವನ ತಲೆಯೂ ನರೆತಿದೆ. ಅಗ್ಗದ್ದೇ ಬೇಕೆಂದರೆ ತಾನೇ ಕೂಡಿಸಿದ್ದಿದೆ, ಏನು ಕೇಳುತ್ತೀರೋ ಅದನ್ನೇ ತನ್ನಿ, ಹಚ್ಚಿ ನೋಡೋಣ ಎಂದ. ನಾನು ಒಯ್ಯಬೇಕಾದದ್ದು ನನ್ನ ರೇಡಿಯೋ. ಎರಡು ದಿನ ಬಿಟ್ಟು, ರೇಡಿಯೋದ ಜೊತೆಗೆ ಕಾಕಾನ ರೆಕಾರ್ಡರನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ.

"ಚಾಚಾ, ಯೇ ನಿಜಾಮ್ ಕೇ ಜಮಾನೇ ಕಾ ಹೈ ಕ್ಯಾ?" ಇದು ನಿಜಾಮರ ಕಾಲದ್ದೇ ಎಂದು ನಗುತ್ತಲೇ ಅವನು ಒಳಗಿನ ಸಡಿಲು ಬೆಲ್ಟ್ ತೆಗೆದು ಹೊಸದು ಹಾಕಿದ. ರೆಕಾರ್ಡರನ್ನು ತನ್ನ ಡಬ್ಬಿಗೆ ಹಚ್ಚಿ, ಹೆಡ್‌ಫೋನ್ ನನ್ನ ಕಿವಿಗೆ ಕೊಟ್ಟ. ಕ್ಯಾಸೆಟ್ ತಿರುಗಿತು. ಮೊದಲು ಧಂ ಧಂ. ಅದನ್ನು ನಾನು ನಿದ್ದೆಯಲ್ಲಿಯೂ ಗುರುತಿಸಬಲ್ಲೆ. ಅವನು ಒಂದು ತಿರುಪನ್ನು ಹಿಂದಕ್ಕೆ, ಇನ್ನೊಂದನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿದ. ಹಲಗೆ ಓಣಿಯ ತುದಿಗೆ ಸರಿದು ಹೋಯಿತು. ಹೆಂಗಸರು ಹತ್ತಿರ ಬಂದರು. ಬಳೆಯ ಸದ್ದು, ಯಾರದೋ ಕೆಮ್ಮು, ಹಾಡು. ಸಾಲು ಮುಗಿಯಿತು, ಎಲ್ಲರೂ ನಿಲ್ಲಿಸಿದರು. ಒಂದು ದನಿ ನಿಲ್ಲಲಿಲ್ಲ. ತುಸು ಒಡಕು ದನಿ, ಒಂದಿಷ್ಟು ಮುಂದೆ ಹೋಗಿ ನಿಂತಿತು. ಹಿಂದೆ ಯಾರೋ ನಕ್ಕರು.

"ಆವಾಜ್ ಆರಾ ಕ್ಯಾ?" ಎಂದು ಅವನು, ಬರುತ್ತಿದೆಯೇ ಎಂಬಂತೆ, ಸನ್ನೆ ಮಾಡಿದ.

"ಬಂತ್ರಿ ಕಾಕಾ" ಎಂದೆ.

"ಮೈ ಕಾಯ್ಕಾ ಕಾಕಾ? ಕಾಕಾ ತೋ ತುಮ್ ಹೈ!" ತಾನೆಲ್ಲಿಯ ಕಾಕಾ, ಕಾಕಾ ನೀವೇ ಎಂದು ಅವನು ಜೋರಾಗಿ ನಕ್ಕ. ಇನ್ನೊಮ್ಮೆ ಹಾಕಲೇ ಎಂದು ಕೇಳಿದ. ಬೇಡವೆಂದು ಹೆಡ್‌ಫೋನ್ ತೆಗೆದು ಅವನ ಮುಂದಿಟ್ಟೆ. ಕಾಕಿಯ ಮುಖವನ್ನು ಕೂಡ ನಾನು ಕಂಡವನಲ್ಲ. ಆ ದನಿ ಕೊನೆಗೂ ಸಿಕ್ಕಿತು, ಸಿಕ್ಕಿದ್ದು ನನಗೆ.